ವಿಯೆನ್ನಾದ ಅರವತ್ತು ದಿನಾ, ಮತ್ತ ರಾಜಾ ಹೆಂಡ್ತಿಗೆ ಬರದ ಪತ್ರ

ಮೊನ್ನೆ ರವಿವಾರ ನಮ್ಮ ಮನ್ಯಾಗ ಮಗಾ ‘ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾದ ಮೂರನೇ ಭಾಗ ಹಚ್ಚಿಕೊಂಡು ಕೂತಿದ್ದ. ಅದರಾಗ ಒಂದು ಬಿಳೀ ಕಲ್ಲಿನ ಊರಿಗೆ ರಾಕ್ಷಸರ ದಂಡು ಮುತ್ತಿಗಿ ಹಾಕಿರ್ತದ. ಇನ್ನೇನು ಊರು ಬಿತ್ತು ಅನ್ನೋದ್ರಾಗ ದಿಬ್ಬದ ಮ್ಯಾಲೆ ಸಾವಿರಾರು ಕುದರಿ ಬಂದು ನಿಂದರ್ತಾವ, ಕಹಳಿ ಊದ್ತಾರ, ಒಮ್ಮೆಲೆ ಇಳದು ಬಂದು ಆ ದಂಡನ್ನ ತುಳದು ಹಾಕ್ತಾರ. ಮಗಾ ಅಂತೂ ಸೋಫಾದ ತುದೀಗೆ ಬಂದಿದ್ದ. ಬದೀಗೆ ಕೂತು ಹಸೀ ಬಟಾಣಿ ಸುಲೀಲಿಕ್ಕತ್ತಿದ್ದ ನಮ್ಮ ಅತ್ತಿಯವರು ಒಂದೇ ಮಾತು ಕೇಳಿದ್ರು: “ಅಲ್ಲೋ, ಇಷ್ಟು ದಿನಾ ಒಳಗಿನ ಮಂದಿ ಉಣ್ಣೂದಕ್ಕ ಏನ್ ಮಾಡಿದ್ರು? ಅದನ್ನ ತೋರಸಲೇ ಇಲ್ಲಲ್ಲ?” ಮಗಾ “ಅಜ್ಜಿ, ಇದು ಕಟ್ಟುಕತಿ, ಇದರಾಗ ಅಡಗಿಮನಿ ಬರೂದಿಲ್ಲ” ಅಂದ.

ಕತಿ ಕಟ್ಟುಕತಿ ಹೌದು. ಟೋಲ್ಕಿನ್ ಅನ್ನೋ ಇಂಗ್ಲಿಷ್ ಪ್ರೊಫೆಸರ್ ಬರದ ಆ ಮೂರನೇ ಪುಸ್ತಕ 1955ಕ್ಕ ಬಂತು. ಆದ್ರ ಇಂಥಾದ್ದೇ ಒಂದು ಯುದ್ಧ ಖರೇನೂ ಆಗ್ಯದ. ಗುಡ್ಡದ ಮ್ಯಾಲಿಂದ ಕುದರಿ ಇಳದು ಬಂದದ್ದೂ ಖರೆ, ಅರವತ್ತು ದಿನದ ಮುತ್ತಿಗಿ ಒಂದು ಸಂಜೀಕ ಹರದು ಹೋದದ್ದೂ ಖರೆ. ಅದು 1683ರ ಸೆಪ್ಟೆಂಬರ್ 12, ಆಸ್ಟ್ರಿಯಾದ ವಿಯೆನ್ನಾ. ಟೋಲ್ಕಿನ್‌ನ ಯುದ್ಧಕ್ಕ ಇದ ಮೂಲ ಅಂತ ಕೆಲವ್ರು ಹೇಳ್ತಾರ, ಅದಕ್ಕಿಂತ ಭಾಳ ಹಳೇದು, 451ರಾಗ ಹೂಣರ ಅಟಿಲಾನ ಜೋಡಿ ಆದ ಯುದ್ಧ ಅಂತ ಇನ್ನ ಕೆಲವ್ರು ಹೇಳ್ತಾರ. ಆ ಜಗಳ ಅವರದ. ನನಗ ಅತ್ತಿಯವರ ಪ್ರಶ್ನಿ ಹಿಡದು ಕೂತು, ವಿಯೆನ್ನಾದ ಸುದ್ದಿ ಬರಿಯೂಣು ಅನಸ್ತು.

ಆವಾಗ ವಿಯೆನ್ನಾ ಅಂದ್ರ ಹ್ಯಾಬ್ಸ್‌ಬರ್ಗ್ ಮನೆತನದ ಚಕ್ರವರ್ತಿ ಮೊದಲನೇ ಲಿಯೋಪೋಲ್ಡ್‌ನ ರಾಜಧಾನಿ. ಅವರ ಮೂಡಣ ಬಾಜೂಕ ಹಂಗೇರಿ, ಅದರ ಬಹುಪಾಲು ಆಟೋಮನ್ ಸುಲ್ತಾನರ ಕೈಯಾಗ. ಸುಲೇಮಾನ್ ಸುಲ್ತಾನ 1529ರಾಗ ಒಮ್ಮೆ ವಿಯೆನ್ನಾಕ್ಕ ಬಂದು ತಗೊಳ್ಳಿಕ್ಕಾಗದ ಹೊಳ್ಳಿ ಹೋಗಿದ್ದ. ನೂರಾ ಐವತ್ತು ವರ್ಷದ ಮ್ಯಾಲೆ ನಾಲ್ಕನೇ ಮಹಮ್ಮದ್ ಸುಲ್ತಾನ ಇದ್ದಾಗ ಅವನ ಪ್ರಧಾನಿ, ಮಹಾ ವಜೀರ ಕಾರಾ ಮುಸ್ತಫಾ ಪಾಷಾ, ಆ ಹಳೇ ಲೆಕ್ಕ ಚುಕ್ತಾ ಮಾಡ್ಲಿಕ್ಕೆ ಹೊರಟ. ಹಂಗೇರಿಯ ಇಮ್ರೆ ತೊಕೊಲಿ ಅನ್ನೋ ಪ್ರಾಟೆಸ್ಟಂಟ್ ಸರದಾರ ಚಕ್ರವರ್ತಿ ವಿರುದ್ಧ ತಿರುಗಿ ಬಿದ್ದು ಆಟೋಮನ್ನರ ಕಡೆ ಕೂಡಿದ್ದ. ಅಂದ್ರ ಇದು ಬರೇ ಧರ್ಮಾ-ಧರ್ಮದ ಜಗಳ ಅಂತ ಹೇಳೂದು ಪೂರ್ತಿ ಖರೆ ಅಲ್ಲ. ಕ್ರಿಶ್ಚನ್ನರು ಆ ಕಡೇನೂ ಇದ್ರು. ಫ್ರಾನ್ಸಿನ ಹದಿನಾಲ್ಕನೇ ಲೂಯಿ ಅಂತೂ ಲಿಯೋಪೋಲ್ಡ್‌ಗ ಸಹಾಯ ಮಾಡೂದು ಒತ್ತಟ್ಟಿಗಿರ್ಲಿ, ಅವ ಸೋತ್ರ ಛಲೋ ಆತು ಅಂತ ಕೂತಿದ್ದ.

ಸುಲ್ತಾನ ಬೆಲ್‌ಗ್ರೇಡ್‌ನಾಗ ಉಳದ. ವಜೀರ ಲಕ್ಷದ ಮ್ಯಾಲೆ ಮಂದೀನ ಕರಕೊಂಡು ಮುಂದ ನಡದ. ಲಕ್ಷ ಅಂದ್ರ ಎಲ್ಲಾರೂ ಕತ್ತಿ ಹಿಡಿದವ್ರಲ್ಲ. ಡೇರೆ ಹಾಕೋರು, ಸುರಂಗ ಅಗಿಯೋರು, ಒಂಟಿ ಹೊಡಿಯೋರು, ಅಡಗಿಯವ್ರು, ವ್ಯಾಪಾರಸ್ಥರು, ಎಲ್ಲಾ ಕೂಡೇ. ಅವರ ಮುಂದ ಕ್ರಿಮಿಯಾದ ತಾರ್ತಾರ ಕುದರಿ ಸವಾರರು ಹಳ್ಳಿ ಹಳ್ಳಿಗೆ ಬೆಂಕಿ ಹಚ್ಚಿಕೋತ, ಮಂದೀನ ಗುಲಾಮರನ್ನಾಗಿ ಹಿಡಕೋತ ಬಂದ್ರು.

ಈ ಸುದ್ದಿ ಬಂದ ಕೂಡ್ಲೆ ಚಕ್ರವರ್ತಿ ಏನ್ ಮಾಡಿದ ಅಂತೀರಿ? ಜುಲೈ 7ಕ್ಕ ಹೆಂಡ್ರು ಮಕ್ಕಳನ್ನ ಕರಕೊಂಡು ಊರು ಬಿಟ್ಟ. ಅವನ ಹಿಂದ ಗಾಡಿ ಇದ್ದವ್ರೆಲ್ಲಾ ಗಾಡಿ ಕಟ್ಟಿದ್ರು. ಪಾಸಾವ್ ಅನ್ನೋ ಊರಿಗೆ ಹೋಗಿ ಕೂತು ಅಲ್ಲಿಂದ ಎಲ್ಲಾ ಕಡೆ ಸಹಾಯ ಬೇಡಿ ಪತ್ರ ಬರದ. ರಾಜಾ ಒಳಗ ಸಿಕ್ಕೊಂಡ್ರ ರಾಜ್ಯನ ಹೋಗ್ತದ, ಅವ ಹೊರಗಿದ್ದೇ ದಂಡು ಕೂಡಸಬೇಕು ಅಂತ ಸಮರ್ಥನಿ ಮಾಡೋರು ಇದ್ದಾರ, ಆ ಮಾತಿನಾಗೂ ಅರ್ಥ ಅದ. ಆದ್ರ ಓಡಿ ಹೋಗ್ಲಿಕ್ಕೆ ಗಾಡಿ ಇರಲಾರದವ್ರ ಕಣ್ಣಿಗೆ ಅದು ಹೆಂಗ ಕಂಡಿದ್ದೀತು ಅನ್ನೋದನ್ನ ಬ್ಯಾರೆ ಹೇಳೂದು ಬ್ಯಾಡ. ಊರಾಗ ಉಳದವ್ರು ಸೇನಾಪತಿ ಸ್ಟಾರೆಂಬರ್ಗ್, ಅವನ ಕೈಯಾಗ ಹನ್ನೊಂದು ಸಾವಿರದಷ್ಟು ಸೈನಿಕರು, ಅವರ ಜೋಡಿ ಒಂದ್ ಐದು ಸಾವಿರ ಊರ ಮಂದಿ. ಆ ಐದು ಸಾವಿರದಾಗ ಬೇಕರಿಯವ್ರು, ಕಟುಕರು, ಚಮ್ಮಾರರು, ಯುನಿವರ್ಸಿಟಿ ಹುಡುಗೂರು, ಎಲ್ಲಾರೂ ಇದ್ರು. ಮ್ಯಾಲೆ ಹೆಣ್ಮಕ್ಕಳು, ಮುದುಕರು, ಹಳ್ಳಿ ಬಿಟ್ಟು ಒಳಗ ಬಂದು ಸೇರಿದ ನಿರಾಶ್ರಿತರು.

ಊರಿನ ಕ್ವಾಟಿ ಗ್ವಾಡಿ ನಮ್ಮ ಕಡೆ ಕ್ವಾಟಿಯಂಗ ಎತ್ತರ ಇರಲಿಲ್ಲ. ತೋಫಿನ ಕಾಲಕ್ಕ ತಕ್ಕಂಗ ತಗ್ಗು, ದಪ್ಪ, ನಕ್ಷತ್ರದ ಆಕಾರದಾಗ ಮೂಲಿ ಮೂಲಿಗೆ ಚಾಚಿದ ಬುರುಜು. ಒಂದು ಬುರುಜಿನ ಮುಂದ ಬಂದವನ್ನ ಬಾಜೂ ಬುರುಜಿನಿಂದ ಹೊಡೀಬಹುದು, ಹಂಗ ಕಟ್ಟಿದ್ರು. ಆದ್ರ ಕ್ವಾಟಿ ಹೊರಗ ಪ್ಯಾಟಿ ಬೆಳದು ಗ್ವಾಡಿ ತನಕಾ ಬಂದಿತ್ತು. ವೈರಿಗೆ ಆ ಮನಿಗೋಳು ಆಸರ ಆಗ್ತಾವ ಅಂತ ಸ್ಟಾರೆಂಬರ್ಗ್ ಎಲ್ಲಾಕ್ಕೂ ಬೆಂಕಿ ಹಚ್ಚಿಸಿದ. ವಿಚಾರ ಮಾಡ್ರಿ, ವೈರಿ ಬರೂಕಿಂತ ಮೊದಲ, ತಮ್ಮವ್ರ ಕೈಯಿಂದನ ತಮ್ಮ ಮನಿ ಸುಟ್ಟದ್ದನ್ನ ಗ್ವಾಡಿ ಮ್ಯಾಲೆ ನಿಂತು ನೋಡಬೇಕಾತು ಆ ಮಂದಿ. ಊರ ಒಳಗ ಮನಿಗೋಳ ಮ್ಯಾಲಿನ ಕಟಗಿ ಹೊದಿಕಿ ಕಿತ್ತು ತಗಿಸಿದ್ರು, ಬೆಂಕಿ ಹತ್ತಬಾರದು ಅಂತ. ಬೀದ್ಯಾಗಿನ ಫರಸೀ ಕಲ್ಲು ಕಿತ್ರು, ಗುಂಡು ಬಿದ್ದಾಗ ಕಲ್ಲು ಸಿಡದು ಮಂದೀಗೆ ಬಡೀಬಾರದು ಅಂತ.

ಜುಲೈ 14ಕ್ಕ ವಜೀರನ ದಂಡು ಬಂದು ಡೇರೆ ಹೊಡೀತು. ಅವತ್ತ ಊರ ಒಳಗ ಒಂದು ಮಠದ ಹತ್ರ ಬೆಂಕಿ ಎದ್ದು, ಮದ್ದು ತುಂಬಿಟ್ಟ ಶಸ್ತ್ರಾಗಾರದ ಮಗ್ಗಲಿಗೇ ಬಂತು. ಮಂದಿ ಓಡ್ಯಾಡಿ ಕಿಡಕಿ ಮುಚ್ಚಿ ನೀರು ಹಾಕಿ, ಗಾಳೀನೂ ತಿರುಗಿ, ಹೆಂಗೋ ಉಳೀತು. ಆ ಮದ್ದು ಹಾರಿದ್ರ ಮುತ್ತಿಗಿ ಮೊದಲನೇ ದಿನಾನ ಮುಗೀತಿತ್ತು. ಎರಡು ದಿನದ ಮ್ಯಾಲೆ ಹತ್ತರದ ಪೆರ್ಕ್‌ಟೋಲ್ಡ್ಸ್‌ಡಾರ್ಫ್ ಅನ್ನೋ ಊರವ್ರು ಜೀವಕ್ಕ ಅಪಾಯ ಇಲ್ಲಾ ಅನ್ನೋ ಮಾತಿನ ಮ್ಯಾಲೆ ಶರಣಾಗಿ ಬಾಗಲಾ ತಗದ್ರು. ಅವರನ್ನ ಕಡದು ಹಾಕಿದ್ರು. ಆ ಸುದ್ದಿ ಬಂದ ಮ್ಯಾಲೆ ವಿಯೆನ್ನಾದಾಗ ಶರಣಾಗೋ ಮಾತು ಬಾಯಾಗ ಬರೂದು ಬಂದ್ ಆತು.

ಇನ್ನ ಮುತ್ತಿಗಿ ಹೆಂಗ ನಡೀತು ಅನ್ನೋದು. ಸಿನಿಮಾದಾಗ ತೋರಸೂ ಹಂಗ ಏಣಿ ಹಚ್ಚಿ ಏರೂದಲ್ಲ. ವಜೀರನ ಹತ್ರ ಮಂದಿ ಬೇಕಾದಷ್ಟು ಇತ್ತು, ಆದ್ರ ಗ್ವಾಡಿ ಒಡಿಯೂ ದೊಡ್ಡ ತೋಫು ಕಡಿಮಿ. ಹಿಂಗಾಗಿ ಅವರು ನೆಲಾ ಹಿಡದ್ರು. ರಾಜನ ಅರಮನಿ ಮುಂದಿನ ಬುರ್ಗ್ ಬುರುಜು, ಅದರ ಬಾಜೂಕಿನ ಲೋಬಲ್ ಬುರುಜು, ಎರಡರ ನಡುವ ಮುಂದ ಚಾಚಿದ ಮುಮ್ಮೂಲಿ ಕಟ್ಟು, ಇಷ್ಟಾ ಜಾಗಾಕ್ಕ ಗುರಿ ಇಟ್ರು. ಅಂಕುಡೊಂಕು ಕಂದಕ ಅಗಕೋತ ದಿನಾ ಒಂದೊಂದು ಮಾರು ಮುಂದ ಬರೂದು, ಅಲ್ಲಿಂದ ನೆಲದ ಕೆಳಗ ಸುರಂಗ ಹೊಡದು ಗ್ವಾಡಿ ಬುಡಕ್ಕ ಮದ್ದು ತುಂಬಿ ಹಾರಸೂದು, ಹಾರಿದ ಕೂಡ್ಲೆ ಆ ತೂತಿನಾಗ ಜಾನಿಸರಿ ಕಾಲಾಳುಗೋಳು ನುಗ್ಗೂದು. ಆಟೋಮನ್ನರ ಸುರಂಗದವ್ರು ಆ ಕಾಲದಾಗ ಜಗತ್ತಿನಾಗ ಹೆಸರಾದವ್ರು. ಒಳಗಿನವ್ರು ಎದುರ ಸುರಂಗ ತೋಡೂದು. ಒಮ್ಮೊಮ್ಮೆ ಎರಡೂ ಸುರಂಗ ಕೂಡಿ, ನೆಲದ ಕೆಳಗ ಕತ್ತಲಾಗ, ಸಲಿಕಿ ಗುದ್ದಲಿ ಹಿಡದು ಬಡದಾಡಿದ್ದೂ ಅದ.

ಆ ಊರಾಗ ಮನಿಗೋಳಿಗೆಲ್ಲಾ ನೆಲಮಾಳಿಗಿ. ನಮ್ಮ ಕಡೆ ಜ್ವಾಳಾ ತುಂಬ್ಲಿಕ್ಕೆ ಹಗೇವು ಇರ್ತಿದ್ವಲ್ಲ, ಹಂಗ ಅವರು ವೈನು, ಗಜ್ಜರಿ, ಕ್ಯಾಬೀಜು ಅಲ್ಲಿ ಇಡ್ತಿದ್ರು. ಈಗ ಆ ಮಾಳಿಗ್ಯಾಗ ಪಾಳಿ ಮ್ಯಾಲೆ ಮಂದಿ ಕಿವಿ ಕೊಟ್ಟು ಕೂಡಬೇಕಾತು, ಕೆಳಗ ಅಗಿಯೂ ಸಪ್ಪಳ ಕೇಳ್ತದೇನು ಅಂತ. ತಮ್ಮ ಮನಿ ಬುಡಕ್ಕ ಗುದ್ದಲಿ ಸಪ್ಪಳ ಹುಡುಕ್ಕೋತ ರಾತ್ರಿ ಕಳಿಯೂದು, ಮುಂಜಾನೆ ಎದ್ದು ರೊಟ್ಟಿ ಬೇಯಿಸೂದು.

ಹಾಂ, ಉಣ್ಣೂದು. ಹಿಟ್ಟಿಗೆ ಮೊದಲಿಗೆ ಅಂಥಾ ತ್ರಾಸ ಇರಲಿಲ್ಲ, ವೈನೂ ಬೇಕಾದಷ್ಟಿತ್ತು. ತ್ರಾಸ ಆದದ್ದು ಹಸೀ ಪದಾರ್ಥಕ್ಕ. ಕಾಯಿಪಲ್ಯಾ, ಹಾಲು, ತತ್ತಿ, ಹಸೀ ಮಾಂಸ ಎಲ್ಲಾ ಹೊರಗಿನ ಹಳ್ಳಿಯಿಂದ ಬರಬೇಕಾದ್ದು. ಅವು ನಿಂತ್ವು. ಆಗಸ್ಟ್ ತಿಂಗಳಾಗ ಮಾಂಸದ ಧಾರಣಿ ಏರಿ, ಬಡವ್ರು ಕತ್ತಿ, ಆಮ್ಯಾಲೆ ಬೆಕ್ಕು ತಿನ್ನೋ ಹಂಗಾತು. ಬೆಕ್ಕಿಗೆ ಅವರು ‘ಮಾಳಿಗಿ ಮ್ಯಾಲಿನ ಮೊಲ’ ಅಂತ ಹೆಸರಿಟ್ಟಿದ್ರಂತ. ಹಸಿವಿನಾಗೂ ಮಂದಿ ಚ್ಯಾಷ್ಟಿ ಬಿಡೂದಿಲ್ಲ ನೋಡ್ರಿ. ನಮಗ 2020ರ ಲಾಕ್‌ಡೌನ್‌ದಾಗ ಮೂರು ದಿನಾ ಕೊತಂಬರಿ ಸಿಗಲಿಲ್ಲಾ ಅಂತ ನಾವು ಎಷ್ಟು ಒದ್ದಾಡಿದ್ವಿ, ನೆನಪಾಗ್ತದ.

ಹಸಿವಿಗಿಂತ ದೊಡ್ಡ ವೈರಿ ಅಂದ್ರ ರಕ್ತಭೇದಿ. ಬ್ಯಾಸಗಿ, ಸಣ್ಣ ಜಾಗಾದಾಗ ಹೆಚ್ಚಿನ ಮಂದಿ, ಹೂಳಲಾರದ ಹೆಣಾ, ಕೊಳತ ಕಸಾ, ಕೆಟ್ಟ ನೀರು. ಗುಂಡಿಗೆ ಸತ್ತವ್ರಿಗಿಂತ ಭೇದಿಗೆ ಮಲಗಿದವ್ರ ಸಂಖ್ಯಾ ದೊಡ್ಡದಿತ್ತು. ಸೇನಾಪತಿ ಸ್ಟಾರೆಂಬರ್ಗ್‌ಗೇ ತಲಿಗೆ ಗಾಯ ಆಗಿ, ಆಮ್ಯಾಲೆ ಭೇದಿ ಹತ್ತಿತ್ತು. ಆದ್ರೂ ಗ್ವಾಡಿ ಬಿಡಲಿಲ್ಲ. ಆ ಹೊತ್ತಿನಾಗ ಊರು ಹಿಡದು ನಿಂತವ್ರು ಇನ್ನಿಬ್ಬರು. ಒಬ್ಬರು ಬಿಷಪ್ ಕೊಲ್ಲೊನಿಚ್. ದವಾಖಾನಿ ನಡಸೂದು, ಕಸಾ ತಗಿಸೂದು, ಗಾಯಾ ಆದವ್ರಿಗೆ ಮಠಗೋಳಾಗ ಜಾಗಾ ಮಾಡಿ ಕೊಡೂದು ಎಲ್ಲಾ ಅವರ ಕೆಲಸ. ಸೈನಿಕರಿಗೆ ಪಗಾರ ಕೊಡ್ಲಿಕ್ಕೆ ರೊಕ್ಕ ಇಲ್ಲದಾಗ, ಹಂಗೇರಿಯ ದೊಡ್ಡ ಆರ್ಚ್‌ಬಿಷಪ್ ವಿಯೆನ್ನಾದಾಗ ಇಟ್ಟು ಹೋದ ಗಂಟನ್ನ ತಗಿಸಿ ಹಂಚಿಬಿಟ್ರು. ಇನ್ನೊಬ್ಬ ಊರಿನ ಮೇಯರ್ ಲೀಬೆನ್‌ಬರ್ಗ್. ಗ್ವಾಡಿ ದುರಸ್ತಿಗೆ ಮೊದಲ ಮಣ್ಣಿನ ಬುಟ್ಟಿ ತಾನ ಹೊತ್ತವ ಅಂತ ಅವನ ಬಗ್ಗೆ ಹೇಳ್ತಾರ. ಆ ಮನಶ್ಯಾ ಕಡೀಗೆ ರೋಗ ಹತ್ತಿ ಹೋದ. ಹೊರಗಿನ ಸಹಾಯ ಬರ್ಲಿಕ್ಕೆ ಬರೇ ಎರಡು ಮೂರು ದಿನಾ ಇತ್ತು. ಈ ಇತಿಹಾಸದಾಗ ನನಗ ಭಾಳ ಚುರಕ್ ಅನಸಿದ್ದು ಇದು.

ಆಟೋಮನ್ನರ ಡೇರೆದಾಗೂ ಸುಖಾ ಇರಲಿಲ್ಲ, ಅದನ್ನೂ ಹೇಳಬೇಕು. ಅವರ ದರ್ಬಾರಿನ ಒಬ್ಬ ಅಧಿಕಾರಿ ದಿನಾ ಬರದಿಟ್ಟ ದಿನಚರಿ ಈಗೂ ಅದ. ದಿನಾ ಬೆಳಗಾದ್ರ ಯಾರು ಸತ್ರು, ಯಾವ ಸುರಂಗ ಹಾರ್ತು, ಯಾವದು ಹುಸಿ ಹೋತು ಅನ್ನೋದಾ ಅದರಾಗ. ಭೇದಿ ಅಲ್ಲಿಗೂ ಬಂದಿತ್ತು, ಕಾಳು-ಮೇವು ದೂರದಿಂದ ತರಬೇಕಿತ್ತು, ಯಾಕಂದ್ರ ಹತ್ತರದ ಹಳ್ಳಿ ಎಲ್ಲಾ ಅವರ ಮುಂದಿನ ಸವಾರರ ಸುಟ್ಟಿದ್ರು.

ಹೊರಗಿನ ದಂಡಿಗೆ ಸುದ್ದಿ ಮುಟ್ಟಸ್ಲಿಕ್ಕೆ ಆಗಸ್ಟ್ 13ಕ್ಕ ಕೋಲ್‌ಶಿಟ್‌ಸ್ಕಿ ಅನ್ನೋ ವ್ಯಾಪಾರಸ್ಥ ತನ್ನ ಆಳಿನ ಜೋಡಿ ಹೊಂಟ. ಅವಂಗ ತುರ್ಕಿ ಮಾತು ಛಲೋ ಬರ್ತಿತ್ತು. ತುರ್ಕರ ಅರಿವಿ ಹಾಕ್ಕೊಂಡು ಡೇರೆಗೋಳ ನಟ್ಟನಡುವನ ಹಾಡಿಕೋತ ನಡದು, ಲೊರೇನ್‌ನ ಡ್ಯೂಕ್ ಚಾರ್ಲ್ಸ್‌ನ ದಂಡಿಗೆ ಪತ್ರ ಮುಟ್ಟಿಸಿ, ನಾಲ್ಕು ದಿನಕ್ಕ ಹೊಳ್ಳಿ ಬಂದ. ‘ಸಹಾಯ ಬರ್ಲಿಕ್ಕತ್ತದ, ಹಿಡಕೊಂಡು ನಿಲ್ಲ್ರಿ’ ಅನ್ನೋದೊಂದು ಮಾತು ಊರಿಗೆ ತಂದ. ಸೇಂಟ್ ಸ್ಟೀಫನ್ ಗುಡಿಯ ಎತ್ತರದ ಗೋಪುರದ ಮ್ಯಾಲಿಂದ ರಾತ್ರಿ ಬಾಣಾ ಹಾರಿಸಿ ಹೊರಗಿನವ್ರಿಗೆ ಸನ್ನಿ ಮಾಡ್ತಿದ್ರು. ಸೆಪ್ಟೆಂಬರ್ ಹತ್ತಿದ ಮ್ಯಾಲೆ ಆ ಬಾಣಾ ಹೆಚ್ಚಾದ್ವು. 4ನೇ ತಾರೀಖಿಗೆ ಬುರ್ಗ್ ಬುರುಜಿನ ಒಂದು ತುಂಡ ಹಾರಿ ಹೋತು. ನಾಲ್ಕು ದಿನದಾಗ ಲೋಬಲ್ ಬುರುಜೂ ಬಾಯಿ ಬಿಡ್ತು. ಆ ತೂತಿಗೆ ಮರಳಿನ ಚೀಲಾ, ಕಟಗಿ, ಹಾಸಿಗಿ, ಮನ್ಯಾಗಿನ ಬಾಗಲಾ, ಸಿಕ್ಕದ್ದೆಲ್ಲಾ ತುಂಬಿದ್ರು. ಕತ್ತಿ ಹಿಡದು ನಿಂದ್ರಲಿಕ್ಕೆ ಶಕ್ತಿ ಇದ್ದ ಸೈನಿಕರು ಮೂರನೇ ಒಂದು ಪಾಲು ಉಳದಿದ್ರು. ಗ್ವಾಡಿ ಬಿದ್ರ ಓಣಿ ಓಣ್ಯಾಗ ಬಡದಾಡೂಣು ಅಂತ ಬೀದಿಗೆ ಅಡ್ಡ ಸರಪಳಿ ಕಟ್ಟಿದ್ರು.

ಇತ್ತ ಪೋಲಂಡಿನ ರಾಜಾ ಮೂರನೇ ಯಾನ್ ಸೊಬಿಯೆಸ್ಕಿ ಹೊಂಟಿದ್ದ. ಆ ವರ್ಷದ ವಸಂತದಾಗನ ಚಕ್ರವರ್ತಿಗೂ ಅವಂಗೂ ಒಪ್ಪಂದ ಆಗಿತ್ತು, ನಿನ್ನ ರಾಜಧಾನಿಗೆ ಬಂದ್ರ ನಾನು, ನನ್ನ ರಾಜಧಾನಿಗೆ ಬಂದ್ರ ನೀನು ಅಂತ. ರೋಮಿನ ಪೋಪ್ ಹನ್ನೊಂದನೇ ಇನ್ನೊಸೆಂಟ್ ರೊಕ್ಕ ಕೊಟ್ಟಿದ್ದ. ಸೊಬಿಯೆಸ್ಕಿಗೆ ಆವಾಗ 54 ವರ್ಷ, ಮೈ ಭಾಳ ಬಂದಿತ್ತು, ಆದ್ರ ತುರ್ಕರು-ತಾರ್ತಾರರ ಜೋಡಿ ಬಡದಾಡೂದು ಅವಂಗ ಸಣ್ಣಂದಿರತ ರೂಢಿ. ಹದಿನೈದು ವರ್ಷದ ಮಗ ಯಾಕುಬ್‌ನ್ನೂ ಕರಕೊಂಡಿದ್ದ. ಪೋಲಂಡದವ್ರು, ಲೊರೇನ್ ಡ್ಯೂಕ್‌ನ ಆಸ್ಟ್ರಿಯನ್ನರು, ಬವೇರಿಯಾ, ಸ್ಯಾಕ್ಸನಿ, ಫ್ರಾಂಕೋನಿಯಾದವ್ರು, ಎಲ್ಲಾ ಕೂಡಿ ಸುಮಾರು 70 ಸಾವಿರ. ಟುಲ್ನ್ ಅನ್ನೋ ಊರ ಹತ್ರ ತೇಲೂ ಸೇತುವಿ ಕಟ್ಟಿ ಡ್ಯಾನ್ಯೂಬ್ ನದಿ ದಾಟಿದ್ರು. ದಾಟೂವಾಗ ತಾರ್ತಾರರು ಬಂದು ತಡೀಬೇಕಾಗಿತ್ತು, ತಡೀಲಿಲ್ಲ. ಅವರ ಖಾನ ಮುರಾದ್ ಗಿರಾಯ್‌ಗೂ ವಜೀರಗೂ ಮನಸ್ಸು ಕೂಡ್ತಿರಲಿಲ್ಲ, ವಜೀರ ಅವನನ್ನ ಸಸಾರ ಮಾಡಿ ಮಾತಾಡ್ತಿದ್ದ ಅಂತ ಹೇಳ್ತಾರ.

ನದಿಗೂ ಊರಿಗೂ ನಡುವ ವಿಯೆನ್ನಾ ಕಾಡು. ಏರಾ-ಇಳಿ, ದಾರಿ ಇಲ್ಲ, ತೋಫು ಎಳಕೊಂಡು ಹೋಗ್ಲಿಕ್ಕೆ ಎತ್ತು-ಕುದರಿ ದಣದ್ವು. ಊಟದ ಗಾಡಿ ಹಿಂದ ಉಳದು ಕುದರಿಗೋಳು ಗಿಡದ ತೊಪ್ಪಲಾ ತಿಂದು ಹೊಟ್ಟಿ ತುಂಬಿಕೊಂಡ್ವು ಅಂತ ರಾಜಾನ ಬರದಾನ. ಸೆಪ್ಟೆಂಬರ್ 11ರ ಸಂಜೀಕ ಕಾಲೆನ್‌ಬರ್ಗ್ ಗುಡ್ಡದ ಮ್ಯಾಲೆ ಬಂದು ಮುಟ್ಟಿದ್ರು. ಕೆಳಗ ನೋಡಿದ್ರ ಬಯಲ ತುಂಬ ಡೇರೆ, ಅದರಾಚೆ ಹೊಗಿ ಆಡೂ ಊರು. ಆ ಗುಡ್ಡದ ಮ್ಯಾಲೆ ವಜೀರ ಕಾವಲು ಅಂತ ಹೇಳೂ ಹಂಗ ಏನೂ ಇಟ್ಟಿರಲಿಲ್ಲ. ಡೇರೆಗೋಳ ಹಿಂದ ಒಂದು ಕಂದಕಾನೂ ತಗಿಸಿರಲಿಲ್ಲ. ಯಾಕ ಹಂಗ ಮಾಡಿದ ಅಂತ ಮುನ್ನೂರಾ ನಲವತ್ತು ವರ್ಷದಿಂದ ಮಂದಿ ಬರಕೋತ ಬಂದಾರ. ಊರನ್ನ ನುಗ್ಗಿ ತಗೊಂಡ್ರ ಲೂಟಿ ಎಲ್ಲಾ ಸೈನಿಕರ ಪಾಲು, ಊರು ತಾನ ಶರಣಾದ್ರ ಖಜಾನಿ ಪೂರಾ ತನ್ನ ಕೈಗೆ, ಹಿಂಗಾಗಿ ತಡಾ ಮಾಡಿದ ಅನ್ನೋರು ಭಾಳ. ನನಗನಸೂದು, ಅಷ್ಟೂ ದಿನಾ ಆ ಎರಡು ಬುರುಜು ನೋಡ್ಕೋತ ಕೂತವಂಗ ಬೆನ್ನ ಹಿಂದ ನೋಡೂದು ಮರತಾ ಹೋಗಿತ್ತು. ಹಿಂದ ದಂಡು ಬಂದದ್ದು ಗೊತ್ತಾದ ಮ್ಯಾಲೂ ಛಲೋ ಛಲೋ ಜಾನಿಸರಿಗಳನ್ನ ಊರ ಮುಂದಿನ ಕಂದಕದಾಗ ಬಿಟ್ಟು, ಉಳದವ್ರನ್ನ ತಗೊಂಡು ತಿರುಗಿ ನಿಂತ.

12ನೇ ತಾರೀಖು, ಅವತ್ತೂ ರವಿವಾರ. ನಸುಕಿನ್ಯಾಗ ಗುಡ್ಡದ ಮ್ಯಾಲೆ ಮಾರ್ಕೊ ದ’ಅವಿಯಾನೊ ಅನ್ನೋ ಸನ್ಯಾಸಿ ಪೂಜಾ ಮಾಡಿದ್ರು. ಎಡಗಡೆ, ನದಿ ಬದೀಗೆ, ಲೊರೇನ್ ಡ್ಯೂಕ್‌ನ ಮಂದಿ ಬೆಳಕು ಹರಿಯೂದ್ರಾಗ ಕಾಳಗಾ ಸುರು ಮಾಡಿತು. ಇಳಿಜಾರಿನ ತುಂಬ ದ್ರಾಕ್ಷಿ ತ್ವಾಟಾ, ಅವಕ್ಕ ಕಲ್ಲಿನ ಒಡ್ಡು, ಒಂದೊಂದು ಒಡ್ಡಿಗೂ ಒಂದೊಂದು ಯುದ್ಧ. ನುಸ್‌ಡಾರ್ಫ್, ಹೈಲಿಗೆನ್‌ಶ್ಟಾಟ್ ಅಂತ ಒಂದೊಂದಾ ಹಳ್ಳಿ ಹಿಡಕೋತ ಮಧ್ಯಾಹ್ನಕ್ಕ ಕೆಳಗ ಬಂದ್ರು. ಬಲಗಡೆಯಿಂದ ಪೋಲಂಡದವ್ರು ಬರಬೇಕಿತ್ತು, ಆ ಕಡೆ ಕಾಡು ಇನ್ನೂ ಘಟ್ಟಿ, ಅವರಿಗೆ ತಡಾ ಆತು. ಮಧ್ಯಾಹ್ನ ಆದ ಮ್ಯಾಲೆ ಅವರ ಬಾವುಟಾ ಕಾಡಿನಿಂದ ಹೊರಗ ಕಂಡಾಗ ಎಡಗಡೆಯವ್ರೆಲ್ಲಾ ಕೂಗಿ ಹಾಕಿದ್ರಂತ. ಇತ್ತ ಊರೊಳಗಿನವ್ರು ಬೆಳಗಿನಿಂದ ಗೋಪುರದ ಮ್ಯಾಲೆ, ಮಾಳಿಗಿ ಮ್ಯಾಲೆ ನಿಂತು ಹೊಗಿ ನೋಡ್ಕೋತನ ಇದ್ರು. ಅವರ ಮುಂದಿನ ಬುರುಜಿನ ಮ್ಯಾಲೆ ದಾಳಿ ಅವತ್ತೂ ನಿಂತಿರಲಿಲ್ಲ.

ಸಂಜಿ ಐದರ ಸುಮಾರಿಗೆ ಸೊಬಿಯೆಸ್ಕಿ ಎಲ್ಲಾ ಕುದರಿ ದಂಡನ್ನ ಒಮ್ಮೆಲೆ ಬಿಟ್ಟ. ಹದಿನೆಂಟು ಸಾವಿರ ಕುದರಿ ಅಂತ ಲೆಕ್ಕಾ ಹೇಳ್ತಾರ. ಅದರಾಗ ಮೂರು ಸಾವಿರದಷ್ಟು ಪೋಲಂಡಿನ ಹುಸಾರರು, ಬೆನ್ನಿಗೆ ಹಕ್ಕಿ ಪುಕ್ಕದ ರೆಕ್ಕಿ ಕಟ್ಟಿಕೊಂಡು ಉದ್ದಾನ ಭರ್ಚಿ ಹಿಡದವ್ರು. ಮುಂಜಾನಿಂದ ಬಡದಾಡಿ ಸೋತಿದ್ದ, ಎರಡು ಕಡೆ ಹಂಚಿ ಹೋಗಿದ್ದ ಆಟೋಮನ್ ದಂಡು ಅದನ್ನ ತಡಕೊಳ್ಳಲಿಲ್ಲ. ತಾರ್ತಾರ ಖಾನ ಮೊದಲ ಹೊಂಟು ಹೋದ. ವಜೀರ ಕಡೀಕ ಪವಿತ್ರ ಧ್ವಜ ಒಂದನ್ನ ತಗೊಂಡು ಓಡಿದ. ಊರೊಳಗಿಂದ ಸ್ಟಾರೆಂಬರ್ಗ್‌ನ ಮಂದೀನೂ ಹೊರಗ ಬಂದು ಕಂದಕದಾಗಿನ ಜಾನಿಸರಿಗಳ ಮ್ಯಾಲೆ ಬಿದ್ರು. ಎರಡು ತಿಂಗಳು ಅಗದ ಕಂದಕ ಅವರಿಗೇ ಕುಣಿ ಆತು. ಕತ್ತಲಾಗೂದ್ರಾಗ ಮುಗೀತು. ಆಟೋಮನ್ನರ ಕಡೆ ಸತ್ತವ್ರು ಹತ್ತು ಸಾವಿರದ ಮ್ಯಾಲೆ, ಈ ಕಡೇನೂ ಸಾವಿರಾರು. ಓಡ್ಲಿಕ್ಕಾಗದ ಡೇರೆದಾಗ ಮಲಗಿದ್ದ ರೋಗಿಗೋಳು, ಗಾಯಾಳುಗೋಳು ಏನಾದ್ರು ಅಂತ ಕೇಳೋರು ಕಡಿಮಿ.

ಯುದ್ಧ ಮುಗದ ಮ್ಯಾಲೆ ಸೊಬಿಯೆಸ್ಕಿ ವಜೀರನ ಡೇರೆದಾಗ ಕೂತು ಹೆಂಡ್ತಿ ಮಾರಿಸಿಯೆಂಕಾಗ ಪತ್ರ ಬರದ. ಈ ಇಡೀ ಯುದ್ಧದಾಗ ನನ್ನ ಪ್ರಕಾರ ಓದಬೇಕಾದ ಕಾಗದ ಅಂದ್ರ ಅದೊಂದಾ. ಆಕಿ ಫ್ರಾನ್ಸ್ ದೇಶದ ಹೆಣ್ಮಗಳು, ಕ್ರಾಕೋವ್‌ದಾಗ ಉಳಕೊಂಡಿದ್ಲು. ಐವತ್ತು ದಾಟಿದ ರಾಜಾ, ಮದಿವಿ ಆಗಿ ಹದಿನೆಂಟು ವರ್ಷ, ಆದ್ರೂ ಪತ್ರ ಸುರು ಮಾಡೂದು ಹೊಸಾ ಮದುಮಗನಂಗ, ಉದ್ದಾನ ಮುದ್ದಿನ ಹೆಸರು ಹಚ್ಚಿ. ದೇವರು ದೊಡ್ಡ ಜಯಾ ಕೊಟ್ಟ ಅಂತ ಒಂದೆರಡು ಸಾಲು. ಆಮ್ಯಾಲೆ ಸುರು ಆಗ್ತದ ನೋಡ್ರಿ ಪಟ್ಟಿ: ಡೇರೆ ಎಷ್ಟು ದೊಡ್ಡವು, ಒಳಗ ಏನೇನು ಸಿಕ್ತು, ರತ್ನಾ ಹಚ್ಚಿದ ಬತ್ತಳಿಕಿ, ರೇಶಿಮಿ, ಚರ್ಮದ ಹೊದಿಕಿ. ತಾರ್ತಾರರ ಹೆಂಡ್ರು ಬರಿಗೈಲೆ ಬಂದ ಗಂಡಂಗ ‘ನೀ ಎಂಥಾ ಗಂಡಸು’ ಅಂತ ಬೈತಾರಂತ, ನೀ ನನಗ ಹಂಗ ಅನ್ನೋ ಹಂಗಿಲ್ಲ ಅಂತ ಚ್ಯಾಷ್ಟಿ ಬ್ಯಾರೆ. ವಜೀರನ ಡೇರೆದಾಗ ನ್ಹಾಣಿ ಇದ್ದದ್ದು, ಸಣ್ಣ ತ್ವಾಟಾ, ಕಾರಂಜಿ, ಮೊಲ, ಬೆಕ್ಕು ಇದ್ದದ್ದು ಎಲ್ಲಾ ಬರದಾನ. ಒಂದು ಗಿಳಿ ಇತ್ತಂತ, ಹಾರಿ ಹೋತು, ಹಿಡೀಲಿಕ್ಕೆ ಆಗಲಿಲ್ಲಂತ. ಚಕ್ರವರ್ತಿ ಬಂಗಲೇದಿಂದ ಹಿಡದು ತಂದಿದ್ದ ಉಷ್ಟ್ರಪಕ್ಷಿ ಒಂದರ ಕುತ್ತಿಗಿ ವಜೀರ ಕಡಿಸಿ ಹೋಗಿದ್ನಂತ, ವೈರಿಗೆ ಸಿಗಬಾರದು ಅಂತ. ಸಾವಿರಾರು ಹೆಣಾ ಬಿದ್ದ ಬಯಲಾಗ ಕೂತು ಗಂಡಸು ಹೆಂಡ್ತಿಗೆ ಗಿಳಿ ಹಾರಿ ಹೋದದ್ದನ್ನ ಹೇಳ್ತಾನ. ಇದನ್ನ ಓದಿದಾಗ ನಗಬೇಕೋ ಏನ್ ಮಾಡಬೇಕೋ ತಿಳೀಲಿಲ್ಲ ನನಗ.

ಮರುದಿನಾ ಬಾಗಲಾ ತಗದ ಕೂಡ್ಲೆ ಊರ ಮಂದಿ ಡೇರೆಗೋಳ ಕಡೆ ಓಡಿದ್ರು. ಬಂಗಾರಕ್ಕಲ್ಲ ಮೊದಲಿಗೆ, ಊಟಕ್ಕ. ಎತ್ತು, ಎಮ್ಮಿ, ಕುರಿ, ಅಕ್ಕಿ, ಜೇನತುಪ್ಪಾ, ಎಣ್ಣಿ, ಏನ್ ಬೇಕು ಅದು ಅಲ್ಲಿತ್ತು. ಬಿಷಪ್ ಕೊಲ್ಲೊನಿಚ್ ಅವರು ಹೋಗಿ ತಂದದ್ದು ಬ್ಯಾರೆ. ಆ ಡೇರೆಗೋಳಾಗ ತಾಯಿ-ತಂದಿ ಇಲ್ಲದ ಮಕ್ಕಳು ಸಿಕ್ವು, ಗುಲಾಮರಾಗಿ ಹಿಡದ ಮಂದಿಯವು, ಸುಮಾರು 500 ಅಂತ ಹೇಳ್ತಾರ. ಅವನ್ನೆಲ್ಲಾ ಗಾಡ್ಯಾಗ ಹಾಕ್ಕೊಂಡು ಬಂದು ಸಾಕೂ ಜವಾಬ್ದಾರಿ ತಗೊಂಡ್ರು. ವಿಯೆನ್ನಾದ ಸುತ್ತಲಿನ ಹಳ್ಳಿಗೋಳು ಮಾತ್ರ ಖಾಲಿ ಆಗಿದ್ವು. ಹಿಡಕೊಂಡು ಹೋದ ಸಾವಿರಾರು ಮಂದಿ ಹೊಳ್ಳಿ ಬರಲಿಲ್ಲ.

ಚಕ್ರವರ್ತಿ ಬಂದದ್ದು 14ಕ್ಕ. ತನ್ನಕಿಂತ ಮೊದಲ ಸೊಬಿಯೆಸ್ಕಿ ಊರಾಗ ಹೋಗಿ ಮಂದಿ ಕಡೆ ಕೈ ಮುಗಿಸಿಕೊಂಡದ್ದು ಅವಂಗ ಸೇರಿರಲಿಲ್ಲ. ಮರುದಿನಾ ಶ್ವೆಖಾಟ್ ಅನ್ನೋಲ್ಲಿ ಇಬ್ಬರೂ ಕುದರಿ ಮ್ಯಾಲೆ ಕೂತ ಭೆಟ್ಟಿ ಆದ್ರು. ಸೊಬಿಯೆಸ್ಕಿ ಮಗನ್ನ ಮುಂದ ಕರದು ತೋರಿಸಿದ್ರ, ಹುಡುಗ ಬಗ್ಗಿ ನಮಸ್ಕಾರ ಮಾಡಿದ್ರ, ಚಕ್ರವರ್ತಿ ತಲಿಮ್ಯಾಲಿನ ಟೊಪಗಿಗೂ ಕೈ ಹಚ್ಚಲಿಲ್ಲ. ಊರು ಉಳಿಸಿಕೊಟ್ಟವನ ಮಗನ್ನ ಮಾತಾಡಸಲಿಲ್ಲ ಅನ್ನೋದು ಅಪ್ಪನ ಮನಸ್ಸಿನಾಗ ಉಳೀತು, ಆ ಸುದ್ದೀನೂ ಹೆಂಡ್ತಿಗೆ ಬರದ. ಮುಂದ 89 ವರ್ಷಕ್ಕ, 1772ರಾಗ, ಪೋಲಂಡ್ ದೇಶಾನ ಮೂವರು ಹಂಚಿಕೊಳ್ಳಲಿಕ್ಕೆ ಸುರು ಮಾಡಿದಾಗ ಆ ಮೂವರಾಗ ಆಸ್ಟ್ರಿಯಾನೂ ಒಂದು. ಕಾರಾ ಮುಸ್ತಫಾನ ಕತಿ ಜಲ್ದಿ ಮುಗೀತು. ತಪ್ಪು ಬ್ಯಾರೆಯವ್ರ ಮ್ಯಾಲೆ ಹಾಕಿ, ಬುಡಾದ ಮುದಿ ಪಾಷಾ ಇಬ್ರಾಹಿಂನ್ನ ಕೊಲ್ಲಿಸಿದ. ಆದ್ರ ಡಿಸೆಂಬರ್ 25ಕ್ಕ ಬೆಲ್‌ಗ್ರೇಡ್‌ನಾಗ ಸುಲ್ತಾನನ ಅಪ್ಪಣಿ ಬಂತು, ರೇಶಿಮಿ ಹಗ್ಗದ ಜೋಡಿ.

ನಮ್ಮ ಕಡೆ ಇದ ಹೊತ್ತಿಗೆ ಏನ್ ನಡದಿತ್ತು? ಎರಡು ವರ್ಷದಾಗ, 1685ರ ಏಪ್ರಿಲ್‌ಕ್ಕ, ಔರಂಗಜೇಬನ ದಂಡು ನಮ್ಮ ವಿಜಾಪುರಕ್ಕ ಮುತ್ತಿಗಿ ಹಾಕ್ತು. ಅದೂ ಹಿಂಗನ ಕಂದಕ, ತೋಫು, ಒಳಗೂ ಹೊರಗೂ ಹಸಿವು. ಹದಿನೇಳು ತಿಂಗಳು ಜಗ್ಗಿತು. ಗೋಲ್ಕೊಂಡಾದವ್ರು, ಮರಾಠರು ಕೈಲಾದಷ್ಟು ಸಹಾಯಾನೂ ಕಳಿಸಿದ್ರು, ಆದ್ರ ಮುತ್ತಿಗಿ ಮುರಿಯೋವಷ್ಟು ದೊಡ್ಡ ದಂಡು ಯಾವ ಗುಡ್ಡದ ಮ್ಯಾಲಿಂದನೂ ಇಳೀಲಿಲ್ಲ. 1686ರ ಸೆಪ್ಟೆಂಬರ್‌ದಾಗ ಹದಿನೆಂಟರ ಹುಡುಗ ಸಿಕಂದರ್ ಆದಿಲ್‌ಶಾಹ ಹೊರಗ ಬಂದು ಶರಣಾದ. ಗೋಳಗುಮ್ಮಟ ನೋಡ್ಲಿಕ್ಕೆ ಹೋದಾಗ ಗೈಡು ಇದನ್ನ ಎರಡು ಮಾತಿನಾಗ ಮುಗಸ್ತಾನ.

ಕೊನೀಗೆ ಕಾಫಿ ಸುದ್ದಿ, ಹೇಳಲಿಲ್ಲಾ ಅಂದ್ರ ಓದಿದವ್ರು ಕೇಳ್ತೀರಿ. ತುರ್ಕರು ಬಿಟ್ಟು ಹೋದ ಚೀಲದಾಗಿನ ಕಾಳು ಒಂಟಿ ಮೇವು ಅಂತ ಎಲ್ಲಾರೂ ಚೆಲ್ಲಲಿಕ್ಕೆ ಹೋದ್ರು, ಕೋಲ್‌ಶಿಟ್‌ಸ್ಕಿ ಅದನ್ನ ಇಸಕೊಂಡು ವಿಯೆನ್ನಾದ ಮೊದಲನೇ ಕಾಫಿ ಅಂಗಡಿ ತಗದ ಅಂತ ಕತಿ. ಕತಿ ಛಲೋ ಅದ, ಖರೆ ಅಲ್ಲ. ಮೊದಲ ಪರವಾನಿಗಿ ಸಿಕ್ಕದ್ದು 1685ರಾಗ ಯೊಹಾನೆಸ್ ದಿಯೋದಾತೊ ಅನ್ನೋ ಆರ್ಮೇನಿಯಾದವಂಗ. ಅರ್ಧಚಂದ್ರದ ಆಕಾರದ ಬನ್ನು, ಈಗ ನಾವು ಕ್ರೋಸಾಂ ಅಂತೀವಲ್ಲ, ಅದೂ ಈ ಜಯದ ನೆನಪಿಗೆ ಬೇಕರಿಯವ್ರು ಮಾಡಿದ್ದು ಅನ್ನೋದೂ ಹಂಗ. ಆ ಬನ್ನಿಗೆ ಅಲ್ಲಿ ಕಿಪ್‌ಫೆಲ್ ಅಂತಾರ, ಮುತ್ತಿಗಿಗಿಂತ ನೂರಾರು ವರ್ಷ ಮೊದಲ ಅದು ಇತ್ತು. ನಮ್ಮ ಬಾಬಾಬುಡನ್ ಗಿರಿಗೆ ಕಾಫಿ ಬಂದದ್ದೂ ಹೆಚ್ಚೂ ಕಡಿಮಿ ಅದ ಶತಮಾನದಾಗ ಅಂತಾರ, ಅಲ್ಲಿ ಏಳು ಬೀಜದ ಕತಿ. ಆದ್ರ ನಮ್ಮ ಧಾರವಾಡದ ಕಡೆ ಅದರ ಉಪಯೋಗ ಏನೂ ಆಗಿಲ್ಲ, ನಾವು ಚಾದವ್ರು.

ಖರೇ ಉಳದದ್ದು ಗಂಟಿ. ಆಟೋಮನ್ನರು ಬಿಟ್ಟು ಹೋದ ತೋಫು ಕರಗಿಸಿ 1711ರಾಗ ಸೇಂಟ್ ಸ್ಟೀಫನ್ ಗುಡಿಗೆ ಒಂದು ದೊಡ್ಡ ಗಂಟಿ ಮಾಡಿದ್ರು, ಪುಮ್ಮೆರಿನ್ ಅಂತ ಅದರ ಹೆಸರು. 1945ರಾಗ ಎರಡನೇ ಮಹಾಯುದ್ಧದ ಕಡೀ ದಿನದಾಗ ಗುಡಿಗೆ ಬೆಂಕಿ ಹತ್ತಿ ಅದು ಕೆಳಗ ಬಿದ್ದು ಒಡೀತು. ಆ ಚೂರು ಕೂಡಿಸಿ 1951ರಾಗ ಮತ್ತ ಎರಕಾ ಹೊಯ್ದಾರ, ಇಪ್ಪತ್ತು ಟನ್ ತೂಕ. ಈಗ ಡಿಸೆಂಬರ್ 31ರ ರಾತ್ರಿ ಹನ್ನೆರಡಕ್ಕ ಅದನ್ನ ಬಾರಸ್ತಾರ, ಊರ ಮಂದಿ ಎಲ್ಲಾ ಬೀದಿಗೆ ಬಂದು ಕೇಳ್ತಾರ.